ಕೊಸರು

ಹಿಮದ ಊರಿನ ಕತೆ. ನಮ್ಮಲ್ಲಿ ಒಬ್ಬರೂ ಹಿಮ ಕಂಡವರಲ್ಲ.
ಬಂದರಿನ ಹಿಂದೆ, ಹಗ್ಗ-ಬಲೆ ಮಾರುವ ಅಂಗಡಿಯ ಮೂರನೇ ಮಾಳಿಗೆಯಲ್ಲಿ
ಎಂಟು ಜನ, ಎಂಟು ಪರದೆ, ಒಂದೇ ಫ್ಯಾನು.
ಯಾವುದೋ ದೇಶದವರ ಕಾರ್ಟೂನ್ ಸಿನಿಮಾಕ್ಕೆ
ಹಿಂದಿನ ಗೋಡೆ, ಹಿಂದಿನ ಬೀದಿ, ಹಿಂದಿನ ಆಕಾಶ ಬರೆಯುವುದು ನಮ್ಮ ಕೆಲಸ.
ಮುಂದೆ ಓಡಾಡುವ ಕರಡಿಮರಿ ಅವರದು.
ಕರಡಿಯೂ ಪೆಂಗ್ವಿನ್ನೂ ಒಂದೇ ಊರಲ್ಲಿ ಇರುವುದಿಲ್ಲವಲ್ಲ ಎಂದು
ಲ್ಯಾನ್ಸಿ ಒಮ್ಮೆ ಬರೆದು ಕೇಳಿದ.
ಉತ್ತರ ಬಂತು: ಗುರುವಾರದೊಳಗೆ ಮುಗಿಸಿ.

ಮುಗಿಸಿದೆವು. ಬರಿಗೈಯಲ್ಲಿ ಮಾತ್ರ ಕಳಿಸಲಿಲ್ಲ.

ಗಡಿಯಾರದ ಕಂಬ ಎಲ್ಲೇ ಬರಲಿ, ಗಂಟೆ ನಾಲ್ಕು ಹತ್ತು,
ಅಶ್ಫಾಕ್ ಚಹಾ ಹಿಡಿದು ಮೆಟ್ಟಿಲು ಹತ್ತುವ ಹೊತ್ತು.
ಅರಮನೆಯ ಬಿಳಿ ಮಾಡಿನಲ್ಲಿ ಒಂದೇ ಒಂದು ಹೆಂಚು ಕೆಂಪು.
ಅದು ಬೋಳೂರಿನದು; ಕಾರ್ಖಾನೆ ಮುಚ್ಚಿದ ದಿನ
ಅಪ್ಪ ಕಂಕುಳಲ್ಲಿಟ್ಟುಕೊಂಡು ಮನೆಗೆ ತಂದದ್ದು.
ಜಾರುಗಾಡಿಯ ಬೆನ್ನಿಗೆ ಹತ್ತೊಂಬತ್ತರ ನಂಬರ್ ಪ್ಲೇಟು.
ಬೇಕರಿಯ ಗಾಜಿನೊಳಗೆ, ಕೇಕುಗಳ ನಡುವೆ, ಏಳು ಗೋಳಿಬಜೆ.
ಎಂಟಿದ್ದವು. ಇನ್ನೊಂದನ್ನು ತಿಂದದ್ದು ಯಾರೆಂದು
ನಲವತ್ತನೇ ನಿಮಿಷದಲ್ಲಿ ಕಿಟಕಿಯ ಬೆಕ್ಕಿನ ಮೀಸೆ ಹೇಳುತ್ತದೆ.

ಕನ್ನಡದ ಅಕ್ಷರಕ್ಕೆ ಹಿಮ ಒಳ್ಳೆಯ ಅಡಗುತಾಣ.
ಅದೇ ಸುಳಿ, ಅದೇ ಕೊಂಬು, ಅದೇ ಒತ್ತು,
ಗಾಳಿಗೆದ್ದ ಮಂಜಿನ ಹಾಗೆ.
ಕಲ್ಲುಗೋಡೆಯ ಮೇಲೆ ‘ಇಂದು ನಗದು ನಾಳೆ ಸಾಲ’ ಎಂದು ಬರೆದದ್ದಕ್ಕೆ
ಅಲ್ಲಿಂದ ಕೆಂಪು ವೃತ್ತ ಸುತ್ತಿ ಕೇಳಿದರು: ಇದೇನು, ಬರಹವೇ?
ಬರಹವಲ್ಲ ಸರ್, ಪಾಚಿ.
ಪಾಚಿ ಚೆನ್ನಾಗಿದೆ, ಇನ್ನೂ ಸ್ವಲ್ಪ ಹಾಕಿ ಎಂದರು.

ಇನ್ನು ಸಂತೆ. ಮುನ್ನೂರು ಪೆಂಗ್ವಿನ್ನುಗಳ ಗದ್ದಲ.
ಎಡತುದಿಯಲ್ಲಿ ಒಂದು, ತಲೆ ಮೇಲೆ ಬುಟ್ಟಿ, ಸೊಂಟಕ್ಕೆ ಕೈ,
ಬಾಯಿ ಉಳಿದವರಿಗಿಂತ ಎರಡು ಬೆರಳು ಅಗಲ.
ಸುಗಂಧಿಯಕ್ಕ. ಬೆಂಗ್ರೆಯಿಂದ ಮೊದಲ ದೋಣಿಗೆ ದಾಟಿ ಬಂದು
ನಮ್ಮ ಮೆಟ್ಟಿಲ ಬುಡದಲ್ಲಿ ಮೀನು ಹರಡುವವಳು.
ಹದಿಮೂರು ವರ್ಷದಿಂದ ನಮ್ಮೆಲ್ಲರ ಮನೆಯ ಸಾರು.

ಭಾನುವಾರ ಮಾಲಿನ ಥಿಯೇಟರಿಗೆ ಅವಳನ್ನೂ ಕರೆದೊಯ್ದೆವು,
ಅಶ್ಫಾಕನನ್ನೂ. ಹಿಂದಿನ ಸಾಲಿನಲ್ಲಿ ಹತ್ತು ಜನ.
ಕರಡಿಮರಿಯ ತಾಯಿ ಸಾಯುವಾಗ, ಇಡೀ ಥಿಯೇಟರು ಮೂಗೊರೆಸುವಾಗ,
ಅವಳ ಹಿಂದೆ ಗಡಿಯಾರ ನಾಲ್ಕು ಹತ್ತು ತೋರಿಸಿತು.
ನಾವು ಕಿಸಕ್ಕನೆ ನಕ್ಕೆವು.
ಮುಂದಿನ ಸಾಲಿನ ಹುಡುಗಿ ಒದ್ದೆ ಕಣ್ಣಲ್ಲಿ ತಿರುಗಿ
ಶಾಪ ಹಾಕುವ ಹಾಗೆ ನೋಡಿದಳು.
ಸಂತೆ ಬಂತು. ಅಕ್ಕಾ, ಅಕ್ಕಾ, ಎಡಗಡೆ!
ಅವಳು ಪಾಪ್‌ಕಾರ್ನಿನ ಕ್ರಯದ ಬಗ್ಗೆ ನನಗೇನೋ ಹೇಳುತ್ತಿದ್ದಳು.
ಸಂತೆ ಹೋಯಿತು.

“ಎಲ್ಲಿ ನಾನು?”
ಈಗ ಹೋದಿರಿ.
“ಎಷ್ಟು ಹೊತ್ತು ಇದ್ದೆ?”
ಹನ್ನೆರಡು ಚಿತ್ರ. ಅಂದರೆ ಅರ್ಧ ಸೆಕೆಂಡು.
“ಅರ್ಧವಾ? ನಾನು ನಿಮಗೆ ಯಾವತ್ತಾದರೂ
ಅರ್ಧ ಬಂಗುಡೆ ಕೊಟ್ಟದ್ದುಂಟಾ ಮಾರಾಯ್ತಿ?”

ಕೊನೆಗೆ ಹೆಸರುಗಳು ಏರತೊಡಗಿದವು, ಐದು ನಿಮಿಷ.
ಅಲ್ಲಿ ಕಾಫಿ ತಂದುಕೊಟ್ಟವರ ಹೆಸರೂ ಇತ್ತು.
ಕಸ ಗುಡಿಸುವವರು ಬಂದು, ದೀಪ ಹತ್ತಿದ ಮೇಲೂ
ಅಶ್ಫಾಕ್ ನಿಂತೇ ಓದುತ್ತಿದ್ದ.
ನಮ್ಮದು ಬರಲಿಲ್ಲ.

ಸೋಮವಾರ ಬೂತಾಯಿ ಎಣಿಸಿ ಹಾಕುವಾಗ ಅವಳು ಮುಖ ಎತ್ತಲಿಲ್ಲ.
ಸಿಟ್ಟು ಇಳಿದಿಲ್ಲ ಎಂದುಕೊಂಡೆ.
ಆದರೂ ಚೀಲದ ಬಾಯಿ ಕಟ್ಟುವ ಮುಂಚೆ
ಲೆಕ್ಕಕ್ಕಿಲ್ಲದ ಎರಡು, ಎಂದಿನಂತೆ, ಮೇಲಿಂದ ಬಿದ್ದವು.
“ಮುಂದಿನದರಲ್ಲಿ ಮೂರು ಸೆಕೆಂಡು,” ಎಂದಳು.
ಒಂದು, ಎಂದೆ.
ಮೀನಿನ ಮೇಲೆ ನೀರು ಚಿಮುಕಿಸಿದಳು. ನೊಣ ಓಡಿಸಿದಳು.
ಒಂದೂವರೆಗೆ ಇಳಿದಳು,
ಮೇಲೆ ಕೊಸರಿಗೆ ಒಂದು ಹಸಿರು ಸೀರೆ.

ಒಪ್ಪಿ ಮೆಟ್ಟಿಲು ಹತ್ತಿದೆ.
ಹೊಸ ಕತೆ ಬಂದು ಕೂತಿದೆ: ಮರುಭೂಮಿ, ನಾನೂರು ಒಂಟೆ,
ಕಣ್ಣು ಹಾಯುವಷ್ಟು ಉದ್ದಕ್ಕೂ ಮರಳು.
ಅಷ್ಟು ಹಸಿರನ್ನು ಎಲ್ಲಿ ಅಡಗಿಸಲಿ?