ಹೆನಾರಾಳ ತಾರೀಖು

ನನ್ನ ಹೆಸರು ಆರಿಸಿದ್ದು ಅಪ್ಪನಲ್ಲ, ಅಮ್ಮನಲ್ಲ,
ಅಡುಗೆಮನೆ ಗೋಡೆಯ ಕ್ಯಾಲೆಂಡರು.
ಸೆಪ್ಟೆಂಬರ್ ಹತ್ತೊಂಬತ್ತರ ಚೌಕದಲ್ಲಿ
ಇರುವೆಯಷ್ಟು ಅಕ್ಷರದಲ್ಲಿ ಸಂತ ಹೆನಾರೋ ಕೂತಿದ್ದ.
ಹುಟ್ಟಿದ್ದು ಹೆಣ್ಣು. ಕೊನೆಯ ಓಕಾರ ಬಿಚ್ಚಿ
ಆಕಾರ ಹೊಲಿದರು: ಹೆನಾರಾ.

ಆ ಸಂತನ ಒಣಗಿದ ನೆತ್ತರು
ದೂರದ ನಾಪೋಲಿಯಲ್ಲಿ, ಗಾಜಿನ ಸೀಸೆಯೊಳಗೆ,
ಇದೇ ದಿನ ಕರಗಿ ಹರಿಯುತ್ತದಂತೆ.
ಗಟ್ಟಿಯಾದದ್ದು ಗಟ್ಟಿಯಾಗಿ ಉಳಿಯದ ದಿನ ಕಣೆ ನಿನ್ನದು,
ಅಮ್ಮ ಅನ್ನುತ್ತಿದ್ದಳು, ಕಾಳಲ್ಲಿ ಕಲ್ಲು ಆರಿಸುತ್ತಾ.
ನಾನು ಕೇಳಿಸಿಕೊಳ್ಳಲಿಲ್ಲ.

ಎಂಬತ್ತೈದು. ನನಗೆ ಮೂವತ್ತಮೂರು ತುಂಬಿದ ಬೆಳಗ್ಗೆ.
ಮೆಟ್ರೋ ಮೆಟ್ಟಿಲ ಬಳಿ ತಮಾಲೆ ಮಾರುವ ದೋನ್ಯಾ ಎಲೋಡಿಯಾ
ಹುಟ್ಟುಹಬ್ಬವಾ, ತಗೋ ಅಂತ ಒಂದು ಹೆಚ್ಚಿಗೆ ಸುತ್ತಿದಳು,
ಚಿಲ್ಲರೆಗೆ ಸೆರಗೆಲ್ಲ ತಡಕಿದಳು.
ಏಳು ಗಂಟೆ ಹತ್ತೊಂಬತ್ತು ನಿಮಿಷ.
ಕೆರೆ ಮುಚ್ಚಿ ಕಟ್ಟಿದ ಊರು ನಮ್ಮ ಮೆಕ್ಸಿಕೋ.
ಊರು ಮರೆತಿತ್ತು,
ಕೆರೆ ಮರೆತಿರಲಿಲ್ಲ.

ಓಡಿ ಹೋದೆ. ಸಾನ್ ಅಂತೋನಿಯೋ ಅಬಾದ್ ಬೀದಿಯಲ್ಲಿ
ನಮ್ಮ ಹೊಲಿಗೆ ಕಾರ್ಖಾನೆ
ಮಡಿಸಿಟ್ಟ ಬಟ್ಟೆಯ ಥಾನಿನ ಹಾಗೆ ಮಲಗಿತ್ತು.
ಎಣಿಸಿದರೆ ಮಹಡಿಗಳೆಲ್ಲ ಇದ್ದವು.
ಮಧ್ಯೆ ಜಾಗ ಇರಲಿಲ್ಲ.

ದೆಲ್ಫೀನಾ ಒಳಗಿದ್ದಳು. ಏಳು ತಿಂಗಳು.
ಮೇಸ್ತ್ರಿಯ ಕಣ್ಣು ತಪ್ಪಿಸಿ, ಕದ್ದ ಚೂರುಬಟ್ಟೆಯಲ್ಲಿ
ಕುಲಾವಿ ಹೊಲಿಯುತ್ತಿದ್ದಳು.
ಕೂಸು ಹುಟ್ಟೋಕೆ ಮುಂಚೆ ಕುಲಾವಿ ಯಾಕೆ ಅಂತ
ಹಿಂದಿನ ದಿನವಷ್ಟೇ ಗದರಿದ್ದೆ.

ಮಾಲೀಕ ಬಂದ. ಮೊದಲು ಯಂತ್ರ ತೆಗೀರಿ ಅಂದ.
ಆ ಮಾತನ್ನು ಎಷ್ಟು ಸಲ ಬಿಚ್ಚಿ ಹೊಲಿದಿದ್ದೇನೋ.
ಯಾವ ಮೈಗೂ ಹೊಂದಲಿಲ್ಲ.

ಆಮೇಲೆ ಮನೆಯವರು, ಹುಟ್ಟುಹಬ್ಬ ಇಪ್ಪತ್ತಕ್ಕೆ ಇಡೋಣ ಅಂದರು.
ಇಪ್ಪತ್ತರ ಸಂಜೆಯೂ ನಡುಗಿತ್ತಲ್ಲ ಅಂದೆ.
ಹದಿನೆಂಟು?
ಹದಿನೆಂಟಕ್ಕೆ ದೆಲ್ಫೀನಾ ಬದುಕಿದ್ದಳು,
ಆ ದಿನ ನನಗೆ ಬೇಡ.
ಹೀಗೆ ನನ್ನ ಕೇಕು ವರ್ಷಗಟ್ಟಲೆ
ತಾರೀಖಿಲ್ಲದೆ ಅಲೆಯಿತು.

ಸರ್ಕಾರ ಆ ದಿನಕ್ಕೆ ಅಣಕು ಕಸರತ್ತು ಇಟ್ಟಿತು.
ಸೈರನ್ ಕೂಗಿದರೆ ಗ್ಯಾಸ್ ಆರಿಸಿ, ಬೂಟು ಹಾಕಿ ಇಳಿಯುವುದು;
ಕೆಳಮನೆಯ ದೋನ್ ಫಿಲೆಮೋನ್
ಗಿಳಿಪಂಜರಕ್ಕೆ ಟವೆಲ್ಲು ಹೊದಿಸಿ ತರುತ್ತಾನೆ;
ಬಿಸಿಲಲ್ಲಿ ನಿಂತು ಆಕಳಿಸುತ್ತೇವೆ.
ಕೂಸು ಹುಟ್ಟುವ ಮುಂಚಿನ ಕುಲಾವಿ.

ಎರಡು ಸಾವಿರದ ಹದಿನೇಳು. ಅದೇ ತಾರೀಖು.
ಹನ್ನೊಂದಕ್ಕೆ ಕುಲಾವಿ ಹೊಲಿದೆವು,
ಒಂದೂಕಾಲಿಗೆ ಕೂಸು ಬಂತು.

ಕುಸಿದ ಮನೆಯ ಮೇಲೆ ಹತ್ತಿದವನೊಬ್ಬ ಮುಷ್ಟಿ ಎತ್ತಿದ.
ಅವನ ಹಿಂದಿನವನು ಎತ್ತಿದ. ಬೀದಿ ತುಂಬ ಮುಷ್ಟಿ.
ಲಾರಿಯ ಎಂಜಿನ್ನು ನಿಂತಿತು, ಬಕೆಟ್ಟು ನಿಂತಿತು,
ಅಳುತ್ತಿದ್ದವಳು ತನ್ನ ಬಾಯಿಗೆ ತಾನೇ ಕೈ ಇಟ್ಟಳು.
ಒಳಗಿನ ಉಸಿರು ಕೇಳಲೆಂದು
ಲಕ್ಷ ಜನ ಒಂದೇ ಕಿವಿಯಾದರು.
ನನಗೆ ಕೇಳಿದ್ದು ಹೊಲಿಗೆ ಯಂತ್ರ.
ಸಣ್ಣ ಹೊಲಿಗೆ. ಬೆಳಕು ಕಡಿಮೆಯಿದ್ದಾಗ ಹಾಕುವಂಥದ್ದು.

ಐದು ವರ್ಷಕ್ಕೆ ಇನ್ನೊಮ್ಮೆ, ಅದೇ ಚೌಕ.
ಅಣಕು ಮುಗಿದು ಮುಕ್ಕಾಲು ಗಂಟೆ,
ಕೆಲವರು ಇನ್ನೂ ಮೆಟ್ಟಿಲು ಹತ್ತುತ್ತಿದ್ದರು.
ಅಳುವ ಬದಲು ಬೀದಿಯಲ್ಲಿ ಯಾರೋ ನಕ್ಕುಬಿಟ್ಟರು,
ನಾನೂ ನಕ್ಕೆ. ದೇವರೇ ಕ್ಷಮಿಸು.

ಮೊಮ್ಮಗ ನಾಬೋರ್ ಲೆಕ್ಕ ಓದುವವನು:
ಅಜ್ಜಿ, ನೆಲಕ್ಕೆ ಕ್ಯಾಲೆಂಡರ್ ಇಲ್ಲ.
ಇದು ಬರೀ ದಾಳ ಬಿದ್ದ ರೀತಿ.
ಇರಬಹುದು ಮಗಾ.
ನೆಲಕ್ಕಿಲ್ಲ. ನನಗಿದೆ.

ಈ ವರ್ಷ ಅಲೆದದ್ದು ಸಾಕು ಅನಿಸಿತು.
ಸೈರನ್ ಕೂಗಿದಾಗ ಕೇಕನ್ನೂ ಇಳಿಸಿಕೊಂಡು ಬಂದೆ.
ಬೆಂಕಿ ಬೇಡ ಅಂತ ಮೇಣದಬತ್ತಿ ಹಚ್ಚಲಿಲ್ಲ,
ಸುಮ್ಮನೆ ನೆಟ್ಟೆ.
ಕಾಲುದಾರಿಯ ಮೇಲೆ, ಗಿಳಿಪಂಜರದ ಪಕ್ಕ, ಕೊಯ್ದೆ.

ಮೇಲಿನ ಮನೆಯ ಆರು ವರ್ಷದ ಪೋರ
ಕೆನೆ ಮೆತ್ತಿದ ಮುಷ್ಟಿ ಎತ್ತಿದ.
ಆಟಕ್ಕೋ ಏನೋ, ಗೊತ್ತಿಲ್ಲ.
ಬೀದಿ ಅಭ್ಯಾಸಬಲದಿಂದ ಉಸಿರು ಹಿಡಿಯಿತು,
ಬಸ್ಸಿನವನೂ ನಿಲ್ಲಿಸಿದ.

ಆ ನಿಶ್ಶಬ್ದಕ್ಕೆ ಹುಡುಗ ಹೆದರಿದಂತಿತ್ತು. ಮೆಲ್ಲಗೆ ಕೇಳಿದ:
ಇನ್ನೊಂದು ತುಂಡು ಸಿಗುತ್ತಾ?