ಒತ್ತು

ಪಾಟಿ ಬಂತು ಬುಧವಾರ.
ಕಟ್ಟಿಗಿ ಚೌಕಟ್ಟಿನದು, ಮೂಲ್ಯಾಗ ತೂತು, ತೂತಿನಾಗ ದಾರ,
ಅಂಥಾದ್ದಲ್ಲ. ಗಾಜಿನದು. ಕರೇದು.
ಡಬ್ಬಿಯೊಳಗ ಒಂದ ಹಾಳಿ:
ಚಿಪ್ಪಿನ ನಕ್ಷೆ ಎಲ್ಲಾರಿಗೂ ಬಿಚ್ಚಿಟ್ಟೀವಿ,
ಒಳಗ ಏನೂ ತುಂಬಿಲ್ಲ,
ಬೇಕಾದ ಲಿನಕ್ಸ್ ನೀವ ಹಾಕ್ಕೋರಿ.

"ಪಾಟಿ ಅಂದ್ರ ಖಾಲಿನ ಬರಬೇಕಲ್ಲ," ಅಂದ್ಲು ನೀಲಗಂಗಾ,
"ಬರದು ಕಳಿಸಿದ್ದರ ಯಾರು ತೊಗೋತಿದ್ರು?"

ಮೂವತ್ತಾರು ವರ್ಷ ಫಿಟ್ಟರ್ ನಾನು, ಗದಗ ರೋಡಿನ ವರ್ಕ್‌ಶಾಪಿನಾಗ.
ಬೋಗಿ ಹೊಟ್ಟಿ ಕೆಳಗ ಅಂಗಾತ ಬಿದ್ದು
ನಟ್ಟಿನ ಮಾರಿ ನೋಡಿ ಪಾನಾ ನಂಬರ್ ಹೇಳಾಂವ.
ನನಗ ಸಿಟ್ಟು ಬರೂದು ಸೀಲ್ ಹಾಕಿದ ಡಬ್ಬಿ ಕಂಡ್ರ.
ಒಮ್ಮೆ ಒಂದು ಮಷೀನು, ಹೊರದೇಶದ್ದು,
ಒಳಗ ಅಂಗೈಯಗಲ ಫ್ಯಾನು ನಿಂತಿತ್ತು, ಕಣ್ಣಿಗೆ ಕಾಣತಿತ್ತು,
ಸ್ಕ್ರೂ ಬಿಚ್ಚಿದ್ರ ಗ್ಯಾರಂಟಿ ಹೋಗತೈತಿ ಅಂತ
ಹನ್ನೊಂದು ದಿನ ಕಾದ್ವಿ. ಕಂಪನಿ ಮನಷ್ಯಾ ಬಂದ,
ಊದಿದ. ಬರೇ ಊದಿದ.
ಫ್ಯಾನು ತಿರುಗಿತು.
ಆ ಬಿಲ್ಲು ಎಷ್ಟಂತ ನಾ ಹೇಳೂದಿಲ್ಲ.

ಅದಕ ಈ ಪಾಟಿ.

ತನ್ವೀರ ಕಿತ್ತೂರ, ದುರ್ಗದಬೈಲಿನ ಹಿಂದಿನ ಸಂದ್ಯಾಗ ಮೊಬೈಲ್ ರಿಪೇರಿ,
ಐದು ಮೆಮೊರಿ ಕಾರ್ಡಿನಾಗ ಐದು ನಮೂನಿ ಲಿನಕ್ಸ್ ಹಾಕಿ ಕೊಟ್ಟ.
ಉಗುರಿನಷ್ಟುದ್ದ. ಸಂಚ್ಯಾಗ ಅಡಕಿ ಸಂಗಡ ಇಟ್ಗೊಂಡೆ.
"ಹುಷಾರಿ ಕಾಕಾ," ಅಂದ, "ಅಗದಗಿಗದೀರಿ."

ಮೊದಲನೇದು ಅವಸರದ್ದು. ದಿನಾ ಹೊಸಾದು ಬೇಡತೈತಿ,
ಮುಂಜಾನೆ ಹಾಕಿದ ಅಂಗಿ ಸಂಜಿಗೆ ಹಳೇದು ಅಂತೈತಿ.
ಎರಡನೇದು ಚಂದ, ಮದುವಿ ಮಂಟಪದಂಗ,
ಒಳಗ ಹೋಗಾಕ ಮೂರು ನಿಮಿಷ, ಹೊರಗ ಬರಾಕ ಬಾಗಲಾನ ಇಲ್ಲ.
ಮೂರನೇದರಾಗ ಪಾಟಿ ಅಡ್ಡ ಹಿಡದ್ರ ಅಕ್ಷರ ತಲಿಕೆಳಗ.
ನಾ ತಲಿಕೆಳಗ ಓದಾಂವನ, ಬೋಗಿ ಅಡಿ ನಂಬರೆಲ್ಲಾ ಹಂಗ ಓದೀನಿ,
ಆದ್ರ ನೀಲಗಂಗಾ ಯಾಕ ಓದಬೇಕು?

ಆಕಿ ಚಿಂತಿನ ಬ್ಯಾರೆ:
"ಇದರಾಗ ನಮ್ಮ ಭಿಶಿ ಪಟ್ಟಿ ಬರತೈತೇನು, ಅಷ್ಟ ಹೇಳ್ರಿ."

ವೇಗ ನೋಡ್ರಿ, ಬ್ಯಾಟರಿ ನೋಡ್ರಿ, ವೈಫೈ ನೋಡ್ರಿ ಅಂದಿದ್ದ ತನ್ವೀರ.
ನಾ ಒಂದೊಂದು ಕಾರ್ಡು ಹಾಕಿ
ಧಾರವಾಡ ಅಂತ ಬರದೆ, ಹುಬ್ಬಳ್ಳಿ ಅಂತ ಬರದೆ.

ಧಾರವಾಡ ಎಲ್ಲಾದರಾಗೂ ಸರಳ ಬಂತು,
ತಲಿಕೆಳಗಾದದ್ದರಾಗೂ ಬಂತು.
ಬರದ ಏನು ಮಾಡತೈತಿ? ಒಂದು ಒತ್ತಿಲ್ಲ, ವಜ್ಜಿಲ್ಲ,
ಕೈಬೀಸಿಕೊಂತ ಕೆಲಗೇರಿ ಕೆರಿ ದಂಡಿಗೆ
ಅಡ್ಡಾಡಾಕ ಹೊಂಟ ನಾಕು ಅಕ್ಷರ.

ಹುಬ್ಬಳ್ಳಿ ಹಂಗಲ್ಲ. ಹಮಾಲರ ಊರು.
ಮ್ಯಾಲಿನ ಬ-ಕ್ಕ ಕೆಳಗಿನ ಬ ಬೆನ್ನು ಕೊಡಬೇಕು,
ಮ್ಯಾಲಿನ ಳಿ-ಗೆ ಕೆಳಗಿನ ಳ.
ಇಂಗ್ಲಿಷಿನವರು ಹೊರಲಾರದ ಎರಡೂ ಇಳಿಸಿ ಹುಬ್ಲಿ ಅಂದ್ರು,
ಸ್ಟೇಷನ್ ಬೋರ್ಡಿನ ಒಂದು ಸಾಲಿನಾಗ
ಎಷ್ಟೋ ವರ್ಷ ಹಗರಾಗಿ ನಿಂತಿದ್ವಿ.
ಈಗ ಈ ಪಾಟ್ಯಾಗ ನೋಡಿದ್ರ
ಹುಬ್‌ಬಳ್‌ಳಿ,
ಕಪ್ಲಿಂಗ್ ಕಳಚಿದ ಬೋಗಿ, ಮೂರು ಕಡೆ ಮೂರು.
ನಾಲ್ಕನೇದರಾಗ ಒತ್ತಕ್ಷರ ತನ್ನ ಅಕ್ಷರ ಬಿಟ್ಟು
ಒಂದು ಚುಕ್ಕಿ ಚುಕ್ಕಿ ಗುಂಡದ ಕೆಳಗ ಒಂದ ನಿಂತಿತ್ತು,
ಊರು ತಪ್ಪಿ ಇಳದವರಂಗ.

ಐದನೇದು ಮುದುಕ. ಏಳಾಕ ತಡ.
ಚಾ ಕುಡದು ಬಂದೆ, ಇನ್ನೂ ಏಳತಿತ್ತು.
ಎದ್ದ ಮ್ಯಾಲ ಒತ್ತಿದೆ.
ಹುಬ್ಬಳ್ಳಿ,
ಅಂತು.
ಹಮಾಲರಿಬ್ಬರೂ ಅವರವರ ಜಾಗಾದಾಗ.

ನೀಲಗಂಗಾ ಕನ್ನಡಕ ಹಾಕ್ಕೊಂಡು ಕುಂತಳು.
ಯಲ್ಲವ್ವ, ಫಕ್ಕೀರವ್ವ, ದ್ಯಾಮವ್ವ, ಬೂಬಮ್ಮ,
ಮ್ಯಾಲಿನ ಓಣಿ ಶಿದ್ದವ್ವ, ಕೆಳಗಿನ ಓಣಿ ಶಿದ್ದವ್ವ,
ಇಪ್ಪತ್ತೆರಡು ಮಂದಿ, ತಿಂಗಳಿಗೆ ಐನೂರು.
ಒಬ್ಬಾಕಿ ಅವ್ವನೂ ಬಿಚ್ಚಲಿಲ್ಲ.
"ಇದ ಇರಲಿ," ಅಂದ್ಲು.

ಇಲ್ಲೂ ಐಬು ಇಲ್ಲಂತಲ್ಲ.
ಬೆರಳು ಒತ್ತೂದೊಂದು ಕಡೆ, ಪಾಟಿ ತಿಳಿಯೂದು ಅರ್ಧ ಇಂಚು ಬಲಕ್ಕ.
ಯಲ್ಲವ್ವನ ರೊಕ್ಕ ದ್ಯಾಮವ್ವಗ ಹೋಗತಿತ್ತು.
ತನ್ವೀರಗ ಫೋನ್ ಹಚ್ಚಲಿಲ್ಲ.
ಫೈಲು ಹುಡುಕಿ ತೆರದೆ. ತೆರೀತು! ಯಾರನ್ನೂ ಕೇಳಲಿಲ್ಲ, ತೆರೀತು.
ಒಳಗ ಆರು ಅಂಕಿ. ಬಾಜೂಕ ಯಾರೋ, ಎಲ್ಲಿಯವರೋ,
ಯಾವುದು ಎತ್ತ ಸರಸತೈತಿ ಅಂತ ಬರದಿಟ್ಟಿದ್ರು,
ಮುಂದಿನ ಶಿಫ್ಟಿನಾಂವಗ ಬರದಿಡತೀವಲ್ಲ, ಹಂಗ.
ಒಂದಂಕಿ ತಿದ್ದಿದೆ. ಮತ್ತ ತಿದ್ದಿದೆ.
ಈಗ ಜೋಳದ ಕಾಳಿನಷ್ಟು ತಪ್ಪತೈತಿ.
ನಾಳೆ ಡ್ಯೂಟಿ ಮುಗಿಸಿ ಬಂದು ನೋಡೂಣು.

ಉಳಿದ ನಾಕು ಕಾರ್ಡು ಸಂಚ್ಯಾಗಿದ್ದುವು.
ಇವತ್ತ ಎಣಿಸಿದ್ರ ಮೂರು.
ನಿನ್ನೆ ಅಡಕಿ ಯಾಕೋ
ಭಾಳ ಗಟ್ಟಿ ಇತ್ತು.