ಒದ್ದೆ ಕೈ

ಚಿಂತಾಮಣಿ, ಕಲ್ಯಾಣಮಂಟಪ, ಐದನೇ ಸುತ್ತು.
ನಿನ್ನೆಯ ಮದುವೆಯ ಥರ್ಮಾಕೋಲ್ ಅಕ್ಷರ
ಗೋಡೆಯಲ್ಲಿನ್ನೂ ಅರ್ಧ ಉಳಿದಿದೆ, ವರನ ಹೆಸರು ಬಿದ್ದುಹೋಗಿದೆ.
ಹದಿನೇಳನೇ ಬೋರ್ಡು. ಕರಿ ಕಾಯಿ ನನ್ನವು.
ಚೀಟಿಯಲ್ಲಿ ಬರೆದದ್ದು: ಎನ್. ಮುನಿರತ್ನ, ಶಿಡ್ಲಘಟ್ಟ, ರೇಟಿಂಗ್ ಸೊನ್ನೆ.

ಎದುರಿಗೆ ಗೌರಿಬಿದನೂರಿನ ಹುಡುಗ, ಹನ್ನೊಂದು ವರ್ಷ,
ಕುರ್ಚಿಯ ಮೇಲೆ ಮಂಡಿಯೂರಿ ಕೂತಿದ್ದಾನೆ.
ನನ್ನ ಕೈ ಕುಲುಕಿ, ತನ್ನ ಅಂಗೈ ಮೂಸಿಕೊಂಡ.
ಹುಳದ ವಾಸನೆ ಮಗು ಅದು, ಸೋಪಿಗೆ ಹೋಗಲ್ಲ.

ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದ.
ನಾನು ಒಂದೇ ಮನೆ.
ಫ್ರೆಂಚ್, ಅಂತ ಅವನ ತುಟಿ ಅಲ್ಲಾಡಿತು.
ಹೇಳಿಕೊಟ್ಟ ಅಮೀರ್‌ಜಾನನಿಗೆ ಆ ಹೆಸರೇ ಗೊತ್ತಿಲ್ಲ.
ಫಿಲೇಚರಿನಲ್ಲಿ ಬಾಯ್ಲರ್ ಕಾಯುವವನು,
ಗೂಡಿನ ಕ್ರೇಟು ಬೋರಲು ಹಾಕಿ, ಇದ್ದಿಲಲ್ಲಿ ಮನೆ ಗೀಚಿ,
ಸೋಡಾ ಮುಚ್ಚಳ ಒಂದೊಂದೇ ಸರಿಸುತ್ತಾ ಅಂದಿದ್ದ:
"ಬಿಸಿನೀರಲ್ಲಿ ಎಳೆ ಹೆಂಗೆ ಹುಡುಕ್ತೀಯ? ಎಳೆಯಲ್ಲ ತಾನೆ?
ತುದಿ ತಾನಾಗಿ ಬೆರಳಿಗೆ ಬರೋಗಂಟ ಸವರ್ತೀಯ.
ಆಟದ ಶುರುನೂ ಅಷ್ಟೇ."

ಈ ಶುರುವಿನಲ್ಲಿ ಒಂದು ಒಂಟೆ ಮಾತ್ರ
ತನ್ನದೇ ಕಾಲಾಳುಗಳ ಬೆನ್ನಿಗೆ ಮೂಗು ತಾಗಿಸಿ ನಿಲ್ಲಬೇಕು.
ಎಷ್ಟು ಹೊತ್ತು ಅಂತ ಯಾರೂ ಹೇಳುವುದಿಲ್ಲ.
ನಿಂತಿತು.
ಕುದುರೆಗಳು ಸತ್ತವು, ಮಂತ್ರಿಗೆ ಮಂತ್ರಿ ಹೋಯಿತು,
ಹುಡುಗ ಎರಡು ಸಲ ನೀರು ಕುಡಿದು ಬಂದ,
ಅವನ ಆನೆ ನನ್ನ ಅಂಗಳದಲ್ಲೇ ಓಡಾಡಿತು.
ಒಂಟೆ ನಿಂತೇ ಇತ್ತು.

ಮೂವತ್ತೊಂಬತ್ತನೇ ನಡೆ. ಆಸೆಗೆ ಒಂದು ಕಾಲಾಳು ಹೊಡೆದ,
ಜೊತೆಗೆ ಬಾಗಿಲೂ ತೆಗೆದುಬಿಟ್ಟ.
ನಲವತ್ತೊಂದರಲ್ಲಿ ಒಂಟೆ ಹೊರಟಿತು,
ಓರೆಯಾಗಿ, ಒಂದೇ ಉಸಿರಿಗೆ, ಅವನ ರಾಜನ ಪಕ್ಕಕ್ಕೆ.
ಹುಡುಗನ ಕಿವಿ ಕೆಂಪಾಯಿತು.
ನಾನು ಸೆರಗಿಗೆ ಕೈ ಒರೆಸಿಕೊಂಡು
ಗಡಿಯಾರ ಒತ್ತಲು ಹೋದೆ.
ಅಲ್ಲಿ ಸೊನ್ನೆ, ಸೊನ್ನೆ, ಸೊನ್ನೆ.

ತೀರ್ಪುಗಾರರನ್ನು ಅವನೇ ಕರೆದ,
ತಾನೇ ಸೋತವನ ಹಾಗೆ, ದನಿ ಸಣ್ಣಗೆ ಮಾಡಿಕೊಂಡು.
ಸಹಿ ಹಾಕುವಾಗ ಕೇಳಿದ:
"ಆಂಟಿ, ಪ್ರತಿ ಸಲ ಕೈ ಯಾಕೆ ಒರೆಸ್ಕೋತೀರ? ಒದ್ದೆ ಇಲ್ವಲ್ಲ."

ಬಸ್ಸಿನಲ್ಲಿ ಲೆಕ್ಕ ಹಾಕಿದೆ.
ಒಂದು ಸಲಕ್ಕೆ ಮೂರು ಸೆಕೆಂಡು, ನಲವತ್ತೊಂದು ಸಲ.
ಎರಡು ನಿಮಿಷ, ಮೇಲೆ ಮೂರು.
ಕಂಡಕ್ಟರು ಚಿಲ್ಲರೆ ಕೊಟ್ಟ.
ತಗೊಂಡು, ಕೈ ಒರೆಸಿಕೊಂಡೆ.

ನಾಳೆ ಅಮೀರ್‌ಜಾನನಿಗೆ
ಸೋತೆ ಅಂತ ಮೊದಲೇ ಹೇಳಬಾರದು.
ಒಂಟೆ ಹೊರಗೆ ಬಂತು, ಅಲ್ಲಿಂದ ಶುರು ಮಾಡಬೇಕು.